ಹೊಸ ಸಂಯುಕ್ತಗಳ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರ ನಿರೋಧಕ ಪರೀಕ್ಷೆ: ಫಲಿತಾಂಶ ನಂಬಿಕೆಗೆ ನಿಲ್ಲದಾಗ ದೋಷ ಹುಡುಕುವ ಬಗೆ

ಮಳೆಗಾಲದ ಒಂದು ಬೆಳಿಗ್ಗೆ ಇನ್‌ಕ್ಯುಬೇಟರಿನಿಂದ ತೆಗೆದ ತಟ್ಟೆಗಳನ್ನು ಬೆಳಕಿಗೆ ಹಿಡಿದಾಗ, ಸ್ಟೆಫೈಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಬಿತ್ತಿದ್ದ ಅಗರಿನ (ಜೀವಿಗಳನ್ನು ಬೆಳೆಸುವ ಲೋಳೆಯಂಥ ಮಾಧ್ಯಮದ) ಮೇಲೆ ನಮ್ಮ ಹತ್ತು ಹೊಸ ಷಿಫ್ ಬೇಸ್‌ಗಳ (ಆಲ್ಡಿಹೈಡ್ ಮತ್ತು ಅಮೈನ್ ಕೂಡಿ ಆದ ಸಂಯುಕ್ತಗಳ) ಸುತ್ತಲೂ 13 ಅಥವಾ 14 ಮಿ.ಮೀ. ವ್ಯಾಸದ ತಿಳಿಯಾದ ವಲಯಗಳು, ಅಂದರೆ ಜೀವಿ ಬೆಳೆಯದ ಜಾಗಗಳು, ಕಂಡವು. ಇ. ಕೊಲೈ ತಟ್ಟೆಯಲ್ಲೂ ಕ್ಯಾಂಡಿಡಾ ಆಲ್ಬಿಕಾನ್ಸ್ ಎಂಬ ಶಿಲೀಂಧ್ರದ ತಟ್ಟೆಯಲ್ಲೂ ಹೆಚ್ಚು ಕಡಿಮೆ ಅದೇ ಚಿತ್ರ. ಒಂದರಲ್ಲಿ ನೈಟ್ರೊ ಗುಂಪು, ಇನ್ನೊಂದರಲ್ಲಿ ಮಿಥಾಕ್ಸಿ, ಮತ್ತೊಂದರಲ್ಲಿ ಕ್ಲೋರಿನ್. ರಚನೆಯಲ್ಲಿ ಇಷ್ಟು ಬೇರೆಯಾದವು ಮೂರು ಬೇರೆ ಜೀವಿಗಳ ಮೇಲೆ ಒಂದೇ ಅಗಲದ ವಲಯ ಕೊಟ್ಟಿದ್ದವು. ತರಗತಿಯ ಹತ್ತು ಮಕ್ಕಳೂ ಒಂದೇ ಅಂಕ ತಂದರೆ ಉತ್ತರ ಪತ್ರಿಕೆಗಳನ್ನು ಇನ್ನೊಮ್ಮೆ ನೋಡಲೇಬೇಕಾಗುತ್ತದೆ.

ಮೂರು ವಾರಗಳಿಂದ ದಿನವೂ ತೆರೆದು ಮುಚ್ಚುತ್ತಿದ್ದ ಮೂಲ ದ್ರಾವಣದ ಸೀಸೆಯ ಮುಚ್ಚಳ ತೆಗೆದಾಗ ಕಹಿ ಬಾದಾಮಿಯ ವಾಸನೆ ಬಂತು. ಒಣ ಷಿಫ್ ಬೇಸ್ ಪುಡಿಗೆ ಆ ವಾಸನೆ ಇರಲಿಲ್ಲ. ಅದು ನಾವು ಆರಂಭದಲ್ಲಿ ಬಳಸಿದ್ದ ಸ್ಯಾಲಿಸಿಲಾಲ್ಡಿಹೈಡಿನದು. ಮಿಶ್ರಣದ ಘಟಕಗಳನ್ನು ಬೇರ್ಪಡಿಸಿ ತೋರಿಸುವ ಟಿಎಲ್‌ಸಿ ತಟ್ಟೆಯ ಮೇಲೆ ಹತ್ತು ದ್ರಾವಣಗಳನ್ನೂ ಶುದ್ಧ ಸ್ಯಾಲಿಸಿಲಾಲ್ಡಿಹೈಡನ್ನೂ ಅಕ್ಕಪಕ್ಕ ಚುಕ್ಕಿ ಹಾಕಿ ಓಡಿಸಿ ನೇರಳಾತೀತ ದೀಪದಡಿ ನೋಡಿದಾಗ, ಹತ್ತರಲ್ಲೂ ಆಲ್ಡಿಹೈಡಿನ ಎತ್ತರದಲ್ಲೇ ಒಂದು ಚುಕ್ಕಿ ಇತ್ತು. ಪುಡಿಗಳನ್ನು ಕರಗಿಸಲು ನಾವು ಬಳಸಿದ್ದ ಡಿಎಂಎಸ್‌ಒ ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರಾವಕ. ಕರಾವಳಿಯ ಆಷಾಢದಲ್ಲಿ ಅದು ಎಷ್ಟು ನೀರು ಹೀರಿರಬಹುದೆಂದು ಊಹಿಸುವುದು ಕಷ್ಟವಲ್ಲ. ಆ ನೀರಿನಲ್ಲಿ ಷಿಫ್ ಬೇಸ್‌ನ ಎರಡು ಭಾಗಗಳನ್ನು ಜೋಡಿಸುವ ಇಮೈನ್ ಬಂಧ ಒಡೆದು ಆಲ್ಡಿಹೈಡ್ ಮತ್ತು ಅಮೈನ್ ಬೇರೆಯಾಗಿದ್ದವು. ಸ್ಯಾಲಿಸಿಲಾಲ್ಡಿಹೈಡ್ ತಾನೇ ಸೂಕ್ಷ್ಮಜೀವಿಗಳನ್ನು ತಡೆಯಬಲ್ಲ ಪದಾರ್ಥ. ನಾವು ಅಳೆದದ್ದು ಹತ್ತು ಹೊಸ ಅಣುಗಳನ್ನಲ್ಲ, ಒಂದು ಹಳೆಯ ಅಣುವನ್ನು ಹತ್ತು ಸಲ.

ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಸಾವಯವ ರಸಾಯನಶಾಸ್ತ್ರದ ವಿದ್ಯಾರ್ಥಿಯು ಸಂಯುಕ್ತವನ್ನು ತಯಾರಿಸಿ, ಅಣುವಿನ ರಚನೆ ತೋರಿಸುವ ಎನ್‌ಎಂಆರ್ ಚಿತ್ರ ತೆಗೆಸಿ, ಚೀಟಿ ಅಂಟಿಸಿದ ಸಣ್ಣ ಸೀಸೆಯಲ್ಲಿ ಸೂಕ್ಷ್ಮಜೀವಶಾಸ್ತ್ರ ವಿಭಾಗಕ್ಕೆ ಕಳಿಸಿಕೊಡುವುದು ರೂಢಿ. ತಯಾರಿಸಿದವರು ಪರೀಕ್ಷೆಯನ್ನು ನೋಡುವುದಿಲ್ಲ, ಪರೀಕ್ಷಿಸಿದವರು ಸಂಯುಕ್ತದ ಹುಟ್ಟನ್ನು ಅರಿಯುವುದಿಲ್ಲ. ದೋಷಗಳು ಬಹುಮಟ್ಟಿಗೆ ಈ ಎರಡು ವಿಭಾಗಗಳ ನಡುವಿನ ಮೆಟ್ಟಿಲಿನ ಮೇಲೆಯೇ ಕುಳಿತಿರುತ್ತವೆ ಎಂಬುದು ನನ್ನ ಅನುಭವವಾದ್ದರಿಂದ, ಈ ಬರಹ ಎರಡೂ ಕಡೆಯವರನ್ನು ಉದ್ದೇಶಿಸಿದೆ.

ಮೊದಲು ಕಂಟ್ರೋಲ್‌ಗಳನ್ನು ಓದಬೇಕು

ಫಲಿತಾಂಶ ಅನುಮಾನಾಸ್ಪದವೆನಿಸಿದ ಕೂಡಲೇ ಇಡೀ ಪ್ರಯೋಗವನ್ನು ಮತ್ತೆ ಮಾಡಲು ಹೊರಡುವುದು ಸಾಮಾನ್ಯ. ಅದರಿಂದ ಕಷ್ಟಪಟ್ಟು ತಯಾರಿಸಿದ ಮಿಲಿಗ್ರಾಂಗಳು ಖರ್ಚಾಗುತ್ತವೆ, ದೋಷ ಮಾತ್ರ ಇದ್ದಲ್ಲಿಯೇ ಇರುತ್ತದೆ. ಮೊದಲು ಈಗಾಗಲೇ ಕೈಯಲ್ಲಿರುವ ತಟ್ಟೆಯ ಕಂಟ್ರೋಲ್‌ಗಳನ್ನು, ಅಂದರೆ ಹೋಲಿಕೆಗಾಗಿ ಇಟ್ಟ ಭಾಗಗಳನ್ನು, ಓದಬೇಕು. ಜೀವಿ ಮಾತ್ರ ಇರುವ ಕಡೆ ಹುಲುಸಾದ ಬೆಳೆ, ಮಾಧ್ಯಮ ಮಾತ್ರ ಇರುವ ಕಡೆ ಏನೂ ಇಲ್ಲದಿರುವುದು, ದ್ರಾವಕ ಮಾತ್ರ ಇರುವ ಕಡೆ ವಲಯವಿಲ್ಲದ ಬೆಳೆ, ಪ್ರಮಾಣಿತ ಔಷಧದ ಕಡೆ ನಿಗದಿತ ಅಗಲದ ವಲಯ, ಈ ನಾಲ್ಕೂ ಸರಿಯಾಗಿದ್ದರೆ ದೋಷವನ್ನು ಸಂಯುಕ್ತದಲ್ಲಿ ಹುಡುಕಬೇಕು. ಒಂದು ತಪ್ಪಿದ್ದರೂ ಸಂಯುಕ್ತದ ಬಗ್ಗೆ ಮಾತನಾಡುವ ಸಮಯ ಇನ್ನೂ ಬಂದಿಲ್ಲ. ಇವುಗಳ ಜೊತೆಗೆ ಅನೇಕರು ಇಡದೇ ಬಿಡುವ ಇನ್ನೆರಡು ಕಂಟ್ರೋಲ್‌ಗಳನ್ನು ಸೇರಿಸಲೇಬೇಕೆಂದು ನಾನು ಒತ್ತಾಯಿಸುತ್ತೇನೆ: ಒಂದು, ಸಂಯುಕ್ತವನ್ನು ಕಟ್ಟಲು ಬಳಸಿದ ಆರಂಭಿಕ ಪದಾರ್ಥಗಳು, ಇನ್ನೊಂದು, ಜೀವಿಯಿಲ್ಲದ ಮಾಧ್ಯಮದಲ್ಲಿ ಸಂಯುಕ್ತ ಮಾತ್ರ.

ಪ್ರಮಾಣಿತ ಔಷಧದ ವಲಯವು ಮಾಧ್ಯಮದ ಆರೋಗ್ಯವನ್ನೂ ಹೇಳುತ್ತದೆ. 10 ಮೈಕ್ರೊಗ್ರಾಂ ಜೆಂಟಾಮೈಸಿನ್ ಡಿಸ್ಕ್ ಇ. ಕೊಲೈ ಎಟಿಸಿಸಿ (ಅಮೆರಿಕದ ಜೀವಿ ಸಂಗ್ರಹ) 25922 ತಳಿಯ ಮೇಲೆ 19ರಿಂದ 26 ಮಿ.ಮೀ., ಸ್ಟೆಫೈಲೊಕಾಕಸ್ ಆರಿಯಸ್ ಎಟಿಸಿಸಿ 25923 ತಳಿಯ ಮೇಲೆ 19ರಿಂದ 27 ಮಿ.ಮೀ. ವಲಯ ಕೊಡಬೇಕು. ಬೇರೆ ಬೇರೆ ವರ್ಗದ ಔಷಧಗಳೆಲ್ಲವೂ ಅಗಲವಾದ ವಲಯ ಕೊಟ್ಟರೆ ಬಿತ್ತನೆ ತೆಳುವಾಗಿದೆ ಅಥವಾ ಅಗರ್ ತೆಳುವಾಗಿದೆ. ಎಲ್ಲವೂ ಕಿರಿದಾದರೆ ಅದರ ತಿರುವುಮುರುವು. ಆದರೆ ಜೆಂಟಾಮೈಸಿನ್ ವಲಯ ಕುಗ್ಗಿ ಟೆಟ್ರಾಸೈಕ್ಲಿನ್ ವಲಯ ಹಿಗ್ಗಿದ್ದರೆ ಮಾಧ್ಯಮ ಆಮ್ಲೀಯವಾಗಿದೆ ಎಂದರ್ಥ, ಏಕೆಂದರೆ ಆಮ್ಲೀಯತೆಯಲ್ಲಿ ಮೊದಲನೆಯದು ಶಕ್ತಿ ಕಳೆದುಕೊಳ್ಳುತ್ತದೆ, ಎರಡನೆಯದು ಪಡೆಯುತ್ತದೆ. ಮ್ಯೂಲರ್–ಹಿಂಟನ್ ಅಗರಿನ ಪಿಎಚ್ ತಣ್ಣಗಾದ ಮೇಲೆ 7.2ರಿಂದ 7.4ರ ನಡುವೆ ಇರಬೇಕು, ಆಳ 4 ಮಿ.ಮೀ. ಇರಬೇಕು. 90 ಮಿ.ಮೀ. ತಟ್ಟೆಗೆ ಸುಮಾರು 25 ಮಿ.ಲೀ. ಸುರಿದರೆ ಆ ಆಳ ಸಿಗುತ್ತದೆ. ಸುರಿಯುವ ಮೇಜು ಓರೆಯಾಗಿದ್ದರೆ ಒಂದೇ ತಟ್ಟೆಯ ಒಂದು ಬದಿಯ ವಲಯ ಅಗಲ, ಇನ್ನೊಂದು ಬದಿಯದು ಕಿರಿದು ಆಗುವುದನ್ನು ನಾವು ಕಂಡಿದ್ದೇವೆ.

ಪ್ರಮಾಣಿತ ಔಷಧ ಕೆಲಸ ಮಾಡದಿದ್ದರೆ ಔಷಧವನ್ನು ಯಾವುದರಲ್ಲಿ ಕರಗಿಸಿದ್ದೀರಿ ಎಂದು ನೋಡಿ. ಎಲ್ಲ ಸಂಯುಕ್ತಗಳಿಗೂ ಡಿಎಂಎಸ್‌ಒ ಬಳಸಿದ್ದೇವೆಂದು ಸಿಪ್ರೊಫ್ಲಾಕ್ಸಸಿನ್ ಪ್ರತ್ಯಾಮ್ಲವನ್ನೂ ಅದರಲ್ಲೇ ಹಾಕಿದರೆ ಅದು ಸರಿಯಾಗಿ ಕರಗುವುದಿಲ್ಲ. ಅದಕ್ಕೆ ದುರ್ಬಲ ಹೈಡ್ರೊಕ್ಲೋರಿಕ್ ಆಮ್ಲ ಬೇಕು, ಹೈಡ್ರೊಕ್ಲೋರೈಡ್ ಲವಣವಾದರೆ ನೀರೇ ಸಾಕು. ಬೆಳಕಿನಲ್ಲಿ ಇಟ್ಟ ಸಿಪ್ರೊಫ್ಲಾಕ್ಸಸಿನ್ ದ್ರಾವಣವೂ ನಿಧಾನವಾಗಿ ಕೆಡುತ್ತದೆ.

ಎಲ್ಲ ಸಂಯುಕ್ತಗಳಿಗೂ ವಲಯ ಬಂದಾಗ

ಇದು ಅತ್ಯಂತ ಸಂತೋಷ ಕೊಡುವ ದೋಷವಾದ್ದರಿಂದ ಅತ್ಯಂತ ಅಪಾಯಕಾರಿಯೂ ಹೌದು. ದ್ರಾವಕದ ಕಂಟ್ರೋಲ್ ವೆಲ್‌ಗೆ (ದ್ರಾವಣ ಹಾಕಲು ಅಗರಿನಲ್ಲಿ ಕೊರೆದ ಕುಳಿಗೆ) ಹಾಕಿದ ಪ್ರಮಾಣವೂ ಸಂಯುಕ್ತದ ವೆಲ್‌ಗಳಿಗೆ ಹಾಕಿದ ಪ್ರಮಾಣವೂ ಒಂದೇ ಆಗಿತ್ತೇ ಎಂಬುದನ್ನು ಮೊದಲು ನೋಡಿ. ಸಂಯುಕ್ತಕ್ಕೆ 100 ಮೈಕ್ರೊಲೀಟರ್ ಹಾಕಿ ದ್ರಾವಕಕ್ಕೆ 50 ಹಾಕಿದ್ದರೆ ಆ ಕಂಟ್ರೋಲಿಗೆ ಬೆಲೆಯಿಲ್ಲ. ಬಳಿಕ ಆಮ್ಲದ ಶೇಷವನ್ನು ಹುಡುಕಿ. ಷಿಫ್ ಬೇಸ್, ಥಯಾಜೊಲಿಡಿನೋನ್, ಪೈರಜೊಲಿನ್ ಮೊದಲಾದವುಗಳ ತಯಾರಿಕೆಯಲ್ಲಿ ಗ್ಲೇಸಿಯಲ್ ಅಸಿಟಿಕ್ ಆಮ್ಲ ಸಾಮಾನ್ಯ. ಸರಿಯಾಗಿ ತೊಳೆಯದ, ನಿರ್ವಾತದಲ್ಲಿ ಒಣಗಿಸದ ಪುಡಿಯಲ್ಲಿ ಅದು ಉಳಿದುಕೊಂಡು ತಾನೇ ಬೆಳೆಯನ್ನು ತಡೆಯುತ್ತದೆ. ವೆಲ್‌ನ ಅಂಚಿನ ಅಗರಿಗೆ ಒದ್ದೆ ಪಿಎಚ್ ಕಾಗದವನ್ನು ಮುಟ್ಟಿಸಿದರೆ ಅರ್ಧ ನಿಮಿಷದಲ್ಲಿ ಸಂಶಯ ಪರಿಹಾರವಾಗುತ್ತದೆ. ಎನ್‌ಎಂಆರ್ ಚಿತ್ರದಲ್ಲೂ ಅಸಿಟಿಕ್ ಆಮ್ಲದ ಮೀಥೈಲ್ ಗುಂಪು ತನ್ನ ಗೆರೆಯನ್ನು ತೋರಿಸುತ್ತದೆ, ಆದರೆ ನಮ್ಮ ಕಣ್ಣು ನಿರೀಕ್ಷಿತ ಗೆರೆಗಳನ್ನಷ್ಟೇ ಎಣಿಸಿ ಮುಂದೆ ಹೋಗಿರುತ್ತದೆ.

ತಾಮ್ರ ಇನ್ನೊಂದು. ಅಜೈಡ್ ಮತ್ತು ಆಲ್ಕೈನ್‌ಗಳನ್ನು ತಾಮ್ರದ ವೇಗವರ್ಧಕದಿಂದ ಜೋಡಿಸಿ ಪಡೆದ 1,2,3-ಟ್ರಯಜೋಲ್‌ಗಳಲ್ಲಿ ತಾಮ್ರ ಉಳಿಯುವುದು ಅಪರೂಪವಲ್ಲ. ಟ್ರಯಜೋಲಿನ ಸಾರಜನಕಗಳೇ ಅದನ್ನು ಹಿಡಿದಿಟ್ಟುಕೊಳ್ಳುತ್ತವೆ. ತಾಮ್ರವು ಬ್ಯಾಕ್ಟೀರಿಯಾಕ್ಕೂ ಶಿಲೀಂಧ್ರಕ್ಕೂ ವಿಷ. ಬಿಳಿಯಾಗಿರಬೇಕಾದ ಪುಡಿಯಲ್ಲಿ ಹಸಿರು ಅಥವಾ ನೀಲಿ ಛಾಯೆ ಕಂಡರೆ ಪರೀಕ್ಷೆಗೆ ಕಳಿಸುವ ಮುನ್ನ ಲೋಹವನ್ನು ಹಿಡಿದೆಳೆಯುವ ಇಡಿಟಿಎ ದ್ರಾವಣದಿಂದ ತೊಳೆದು, ಆ ಇಡಿಟಿಎಯನ್ನೂ ನೀರಿನಿಂದ ಪೂರ್ತಿ ತೆಗೆಯಬೇಕು, ಏಕೆಂದರೆ ಅದೂ ಜೀವಕೋಶದ ಹೊರಪೊರೆಯನ್ನು ಸಡಿಲಿಸುತ್ತದೆ.

ಶುದ್ಧತೆಯ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಮಾಡಿ ನೋಡುವುದು ಒಳ್ಳೆಯದು. ಸಿಪ್ರೊಫ್ಲಾಕ್ಸಸಿನ್ನಿನ ಪೈಪರಜಿನ್ ತುದಿಗೆ ಹೊಸ ಗುಂಪನ್ನು ಜೋಡಿಸಿ ಪಡೆದ ಸಂಯುಕ್ತದಲ್ಲಿ ಶೇಕಡಾ 1ರಷ್ಟು ಮೂಲ ಸಿಪ್ರೊಫ್ಲಾಕ್ಸಸಿನ್ ಉಳಿದಿದೆ ಎಂದುಕೊಳ್ಳೋಣ. ಎಟಿಸಿಸಿ 25922 ತಳಿಗೆ ಸಿಪ್ರೊಫ್ಲಾಕ್ಸಸಿನ್ನಿನ ಎಂಐಸಿ (ಬೆಳೆಯನ್ನು ತಡೆಯುವ ಕನಿಷ್ಠ ಸಾಂದ್ರತೆ) ಮಿಲಿಲೀಟರಿಗೆ 0.004ರಿಂದ 0.016 ಮೈಕ್ರೊಗ್ರಾಂ, ಸುಮಾರು 0.01 ಎಂದು ಹಿಡಿದರೆ, ಹೊಸ ಸಂಯುಕ್ತವು ಪೂರ್ತಿ ನಿಷ್ಕ್ರಿಯವಾಗಿದ್ದರೂ ಅದರ ಎಂಐಸಿ 1 ಮೈಕ್ರೊಗ್ರಾಂ ಎಂದು ತೋರುತ್ತದೆ. ಯಾರಾದರೂ ಹೆಮ್ಮೆಪಡುವ ಅಂಕಿ ಅದು. ಶೇಕಡಾ 95ರ ಶುದ್ಧತೆ ಸಾಮಾನ್ಯ ಸಂಯುಕ್ತಗಳಿಗೆ ಸಾಕಾದರೂ, ಪ್ರಬಲ ಔಷಧವನ್ನೇ ಮೂಲವಾಗಿಟ್ಟುಕೊಂಡು ಕಟ್ಟಿದ ಸಂಯುಕ್ತಗಳಿಗೆ ಸಾಲದು.

ಯಾವುದಕ್ಕೂ ವಲಯ ಬಾರದಿದ್ದಾಗ

ವಲಯದ ಅಗಲವು ಕೊಲ್ಲುವ ಶಕ್ತಿಯೊಂದನ್ನೇ ಅಳೆಯುವುದಿಲ್ಲ. ಅಣುವು ನೀರಿನಿಂದ ತುಂಬಿದ ಅಗರಿನೊಳಗೆ ಎಷ್ಟು ದೂರ ಹರಡಬಲ್ಲದೆಂಬುದನ್ನೂ ಸೇರಿಸಿ ಅಳೆಯುತ್ತದೆ. ನಾವು ತಯಾರಿಸುವ ಸಂಯುಕ್ತಗಳಲ್ಲಿ ಬೆಂಜೀನ್ ಉಂಗುರಗಳು ಹೆಚ್ಚು, ನೀರಿಗೆ ಒಲಿಯುವ ಗುಂಪುಗಳು ಕಡಿಮೆ. ಅಂಥ ಸಂಯುಕ್ತದ ಡಿಎಂಎಸ್‌ಒ ದ್ರಾವಣವನ್ನು ವೆಲ್‌ಗೆ ಹಾಕಿದಾಗ ದ್ರಾವಕವು ಅಗರಿನೊಳಕ್ಕೆ ಇಳಿದುಹೋಗಿ, ಸಂಯುಕ್ತವು ವೆಲ್‌ನ ಗೋಡೆಗೆ ಅಂಟಿ ಪ್ರಕ್ಷೇಪವಾಗಿ ನಿಲ್ಲುತ್ತದೆ. ತಟ್ಟೆಯನ್ನು ಕಪ್ಪು ಕಾಗದದ ಮೇಲಿಟ್ಟು ಓರೆಯಾಗಿ ಬೆಳಕು ಬಿಟ್ಟು ನೋಡಿದರೆ ವೆಲ್‌ನ ಅಂಚಿನಲ್ಲಿ ಸುಣ್ಣದ ಗೆರೆಯಂಥ ತೆಳ್ಳನೆಯ ಬಿಳಿ ಉಂಗುರ ಕಾಣುತ್ತದೆ. ಆ ಉಂಗುರ ಕಂಡಾಗ ‘ಚಟುವಟಿಕೆ ಇಲ್ಲ’ ಎಂದು ಬರೆಯುವುದು ತಪ್ಪು. ‘ಹರಡಿಲ್ಲ’ ಎಂದಷ್ಟೇ ಬರೆಯಬಹುದು. ಇಂಥ ಸಂಯುಕ್ತಗಳನ್ನು ದ್ರವ ಮಾಧ್ಯಮದ ಎಂಐಸಿ ಪರೀಕ್ಷೆಗೆ ಒಯ್ಯಬೇಕು. ಇದೇ ಕಾರಣಕ್ಕೆ ಎರಡು ಬೇರೆ ಸಂಯುಕ್ತಗಳ ವಲಯಗಳನ್ನು ಹೋಲಿಸಿ ಒಂದು ಇನ್ನೊಂದಕ್ಕಿಂತ ಪ್ರಬಲವೆಂದು ತೀರ್ಮಾನಿಸುವುದನ್ನು ನಾನು ಒಪ್ಪುವುದಿಲ್ಲ.

ಫ್ರಿಜ್ಜಿನಲ್ಲಿಟ್ಟ ಮೂಲ ದ್ರಾವಣವನ್ನೂ ಪರೀಕ್ಷಿಸಬೇಕು. ಡಿಎಂಎಸ್‌ಒ 18.5 ಡಿಗ್ರಿ ಸೆಲ್ಸಿಯಸ್‌ನಲ್ಲೇ ಗಟ್ಟಿಯಾಗುತ್ತದೆ. ಹೊರಗೆ ತೆಗೆದು ಅರ್ಧ ಕರಗಿದಾಗಲೇ ಪೈಪೆಟ್ ಇಳಿಸಿದರೆ ಮೇಲಿನ ಪದರದಲ್ಲಿ ಒಂದು ಸಾಂದ್ರತೆ, ತಳದಲ್ಲಿ ಇನ್ನೊಂದು. ಪೂರ್ತಿ ಕರಗಿಸಿ, ಚೆನ್ನಾಗಿ ಅಲುಗಾಡಿಸಿ, ತಳದಲ್ಲಿ ಹರಳು ಉಳಿದಿಲ್ಲವೆಂದು ನೋಡಿದ ಮೇಲೆಯೇ ತೆಗೆಯಬೇಕು. ಒಂದೊಂದು ಬಳಕೆಗೆ ಬೇಕಾದಷ್ಟನ್ನೇ ಸಣ್ಣ ಸೀಸೆಗಳಲ್ಲಿ ಹಂಚಿಟ್ಟರೆ ತೇವದ ತೊಂದರೆಯೂ ತಪ್ಪುತ್ತದೆ.

ಸಲ್ಫೋನಮೈಡ್ ಗುಂಪಿರುವ ಸಂಯುಕ್ತಗಳಿಗೆ ಮಾಧ್ಯಮವೇ ಅಡ್ಡಿಯಾಗಬಹುದು. ಮಾಧ್ಯಮದಲ್ಲಿ ಥೈಮಿಡಿನ್ ಅಥವಾ ಪ್ಯಾರಾ-ಅಮಿನೊಬೆಂಜೋಯಿಕ್ ಆಮ್ಲ ಹೆಚ್ಚಿದ್ದರೆ ಬ್ಯಾಕ್ಟೀರಿಯಾಗಳು ಔಷಧದ ಹೊಡೆತದಿಂದ ಪಾರಾಗುತ್ತವೆ. ಈ ಸಂದರ್ಭದಲ್ಲಿ ಪ್ರೊಂಟೊಸಿಲಿನ ನೆನಪಾಗುತ್ತದೆ. ಗೆರ್ಹಾರ್ಡ್ ಡೊಮಾಕ್ 1930ರ ದಶಕದಲ್ಲಿ ಕಂಡುಕೊಂಡಂತೆ ಆ ಕೆಂಪು ಬಣ್ಣದ ಪದಾರ್ಥವು ಸೋಂಕು ತಗುಲಿದ ಇಲಿಗಳನ್ನು ಉಳಿಸುತ್ತಿತ್ತು, ಪ್ರನಾಳದಲ್ಲಿ ಮಾತ್ರ ಏನೂ ಮಾಡುತ್ತಿರಲಿಲ್ಲ. ದೇಹದೊಳಗೆ ಅದು ಒಡೆದು ಹೊರಬರುವ ಸಲ್ಫನಿಲಮೈಡೇ ನಿಜವಾದ ಔಷಧವೆಂದು 1935ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯವರು ತೋರಿಸಿದರು. ಕೇವಲ ತಟ್ಟೆಯನ್ನು ನಂಬಿದ್ದರೆ ಪ್ರೊಂಟೊಸಿಲ್ ಕಸದ ಬುಟ್ಟಿ ಸೇರುತ್ತಿತ್ತು.

ಸ್ಟೆಫೈಲೊಕಾಕಸ್ ಮೇಲೆ ಕೆಲಸ ಮಾಡಿ ಇ. ಕೊಲೈ ಮತ್ತು ಸ್ಯೂಡೊಮೊನಾಸ್ ಮೇಲೆ ಮಾಡದಿರುವುದು ದೋಷವಲ್ಲ. ಗ್ರಾಂ-ಋಣ ಜೀವಿಗಳ ಹೊರಪೊರೆ ಮತ್ತು ಒಳಬಂದ ಅಣುಗಳನ್ನು ಹೊರದಬ್ಬುವ ಪಂಪುಗಳು ಅದಕ್ಕೆ ಕಾರಣ. ಹಾಗೆಯೇ ವರದಿ ಮಾಡಿ.

ಎಂಐಸಿ ತಟ್ಟೆಯ ಗೊಂದಲಗಳು

ಸಂಯುಕ್ತದ ಸಾಂದ್ರತೆಯನ್ನು ವೆಲ್‌ನಿಂದ ವೆಲ್‌ಗೆ ಅರ್ಧರ್ಧ ಇಳಿಸುತ್ತ ಹೋಗುವ 96 ವೆಲ್‌ಗಳ ತಟ್ಟೆಯಲ್ಲಿ ಮೊದಲ ತಪ್ಪು ಲೆಕ್ಕದ್ದೇ. 100 ಮೈಕ್ರೊಲೀಟರ್ ಸಂಯುಕ್ತದ ದ್ರಾವಣಕ್ಕೆ 100 ಮೈಕ್ರೊಲೀಟರ್ ಬಿತ್ತನೆ ಸೇರಿಸಿದಾಗ ಎರಡೂ ಅರ್ಧಕ್ಕಿಳಿಯುತ್ತವೆ. ಆದ್ದರಿಂದ ಮಿಲಿಲೀಟರಿಗೆ 5 ಲಕ್ಷ ಜೀವಕೋಶಗಳು ಕೊನೆಯಲ್ಲಿ ಇರಬೇಕಾದರೆ ಬಿತ್ತನೆ 10 ಲಕ್ಷದ್ದಾಗಿರಬೇಕು, ಸಂಯುಕ್ತವೂ ಎರಡರಷ್ಟು ಸಾಂದ್ರತೆಯಲ್ಲಿರಬೇಕು. ಡಿಎಂಎಸ್‌ಒ ಕೊನೆಗೆ ಶೇಕಡಾ 1ನ್ನು ದಾಟಬಾರದು; ಹಾಗೆಂದರೆ ಮಿಲಿಲೀಟರಿಗೆ 128 ಮೈಕ್ರೊಗ್ರಾಂನಿಂದ ಆರಂಭಿಸಲು ಮೂಲ ದ್ರಾವಣದ ಪ್ರತಿ ಮಿಲಿಲೀಟರಿನಲ್ಲಿ 12.8 ಮಿಲಿಗ್ರಾಂ ಕರಗಬೇಕು. ಅಷ್ಟು ಕರಗದ ಸಂಯುಕ್ತವನ್ನು 64ರಿಂದ ಆರಂಭಿಸುವುದೇ ಪ್ರಾಮಾಣಿಕ ದಾರಿ.

ಮೇಲಿನ ಸಾಂದ್ರತೆಗಳಲ್ಲಿ ಕದಡು ಕಂಡರೆ ಅದು ಬೆಳೆಯೋ ಪ್ರಕ್ಷೇಪವೋ ಎಂದು ಕಣ್ಣಿಗೆ ತಿಳಿಯುವುದಿಲ್ಲ. ಜೀವಿಯಿಲ್ಲದ ಸಾಲಿನಲ್ಲೂ ಅದೇ ಕದಡು ಇದ್ದರೆ ಪ್ರಕ್ಷೇಪ. ಇಲ್ಲವೇ 10 ಮೈಕ್ರೊಲೀಟರನ್ನು ಹೊಸ ಅಗರಿನ ಮೇಲೆ ಬಿಟ್ಟು ಮರುದಿನ ನೋಡಬೇಕು. ಅನೇಕರು ಈ ತೊಡಕಿನಿಂದ ಪಾರಾಗಲು ರೆಸಜುರಿನ್ ಬಣ್ಣ ಬಳಸುತ್ತಾರೆ; ಜೀವಂತ ಕೋಶಗಳಿದ್ದರೆ ಅದರ ನೀಲಿ ಬಣ್ಣ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆದರೆ ಥಯೋಲ್ ಅಥವಾ ಹೈಡ್ರಜೀನ್ ಗುಂಪುಳ್ಳ ಸಂಯುಕ್ತಗಳು ಜೀವಿಯ ನೆರವಿಲ್ಲದೆಯೇ ಬಣ್ಣವನ್ನು ಅಪಕರ್ಷಿಸಿ ಗುಲಾಬಿ ಮಾಡಬಲ್ಲವು. ಟ್ರಯಜೋಲ್-ಥಯೋಲ್‌ಗಳ ಒಂದು ಸರಣಿಯಲ್ಲಿ ನಮಗೆ ಹೀಗಾಯಿತು. ಸಾಂದ್ರತೆ ಹೆಚ್ಚಿದಷ್ಟೂ ಗುಲಾಬಿ ಗಾಢವಾಗುತ್ತ ಹೋಯಿತು, ಅಂದರೆ ಔಷಧ ಹೆಚ್ಚಿದಷ್ಟೂ ಬೆಳೆ ಹೆಚ್ಚಿದಂತೆ ಕಂಡಿತು. ಜೀವಿಯಿಲ್ಲದ ಸಾಲನ್ನು ಇಟ್ಟ ದಿನವೇ ವಿಷಯ ಬಯಲಾಯಿತು.

ಮಧ್ಯದ ಒಂದು ವೆಲ್ ಮಾತ್ರ ತಿಳಿಯಾಗಿ ಅದರ ಎರಡೂ ಬದಿ ಕದಡಿದ್ದರೆ ಪೈಪೆಟ್ ತಪ್ಪಿದೆ. ಅಂಥ ವೆಲ್‌ಗಳು ಒಂದಕ್ಕಿಂತ ಹೆಚ್ಚಿದ್ದರೆ ಆ ಸಾಲನ್ನು ಓದಲೇಬಾರದು. ಜಿಡ್ಡಿನ ಸಂಯುಕ್ತಗಳು ಪೈಪೆಟ್ಟಿನ ತುದಿಗೆ ಅಂಟಿಕೊಂಡು ಮುಂದಿನ ವೆಲ್‌ಗೆ ಸಾಗುವುದರಿಂದ ಪ್ರತಿ ಹಂತಕ್ಕೂ ತುದಿ ಬದಲಿಸಬೇಕು. ಹೊರ ಅಂಚಿನ ವೆಲ್‌ಗಳು ಬೇಗ ಆರುತ್ತವೆ. ಒದ್ದೆ ಹತ್ತಿಯಿಟ್ಟ ಡಬ್ಬಿಯಲ್ಲಿ ತಟ್ಟೆಯನ್ನು ಇಟ್ಟರೆ ಸಾಕು.

ಶಿಲೀಂಧ್ರಗಳನ್ನು ಬೇರೆಯಾಗಿಯೇ ನೋಡಬೇಕು

ಬ್ಯಾಕ್ಟೀರಿಯಾಕ್ಕೆ ಮಾಡಿದ್ದನ್ನೇ ಶಿಲೀಂಧ್ರಕ್ಕೂ ಮಾಡುವುದು ಇಲ್ಲಿನ ಮೂಲ ದೋಷ. ಬಿತ್ತನೆಯ ಸಾಂದ್ರತೆ ಹೊಂದಿಸಲು ಬಳಸುವ 0.5 ಮ್ಯಾಕ್‌ಫರ್ಲೆಂಡ್ ಕದಡು ಬ್ಯಾಕ್ಟೀರಿಯಾದಲ್ಲಿ ಮಿಲಿಲೀಟರಿಗೆ 10ರಿಂದ 20 ಕೋಟಿ ಕೋಶಗಳನ್ನು ಸೂಚಿಸಿದರೆ, ದೊಡ್ಡ ಗಾತ್ರದ ಕ್ಯಾಂಡಿಡಾ ಕೋಶಗಳಲ್ಲಿ ಅದೇ ಕದಡು 10ರಿಂದ 50 ಲಕ್ಷವನ್ನಷ್ಟೇ ಸೂಚಿಸುತ್ತದೆ. ಯೀಸ್ಟ್‌ಗಳ ಎಂಐಸಿಗೆ ಕೊನೆಯಲ್ಲಿ ಬೇಕಾದದ್ದು ಮಿಲಿಲೀಟರಿಗೆ 500ರಿಂದ 2,500 ಕೋಶಗಳು, ಅದೂ ಪಿಎಚ್ 7.0ಕ್ಕೆ ಮಾಪ್ಸ್ ಬಫರಿನಿಂದ ಹೊಂದಿಸಿದ ಆರ್‌ಪಿಎಂಐ 1640 ಮಾಧ್ಯಮದಲ್ಲಿ. ಫ್ಲೂಕೊನಜೋಲ್ ಇರುವ ವೆಲ್‌ಗಳಲ್ಲಿ ತೆಳ್ಳನೆಯ ಮಬ್ಬು ಕೊನೆಯವರೆಗೂ ಉಳಿಯುವುದುಂಟು. ಅದು ಔಷಧ ಕೆಟ್ಟಿರುವುದರ ಲಕ್ಷಣವಲ್ಲ. ಫ್ಲೂಕೊನಜೋಲಿನಂಥ ಅಜೋಲ್‌ಗಳು ಕ್ಯಾಂಡಿಡಾವನ್ನು ಕೊಲ್ಲದೆ ತಡೆಹಿಡಿಯುತ್ತವೆ. ಆದ್ದರಿಂದ ಬೆಳೆಯ ಕಂಟ್ರೋಲಿಗೆ ಹೋಲಿಸಿ ಅರ್ಧದಷ್ಟು ಕುಗ್ಗಿದ ವೆಲ್ಲನ್ನು ಎಂಐಸಿ ಎಂದು ಓದಬೇಕು. ಆಂಫೊಟೆರಿಸಿನ್ ಬಿ ಆದರೆ ಪೂರ್ತಿ ತಿಳಿಯಾದ ವೆಲ್ಲನ್ನೇ ಓದಬೇಕು.

ಪ್ರಮಾಣಿತ ಔಷಧವನ್ನು ಜೀವಿಗೆ ತಕ್ಕಂತೆ ಆರಿಸದಿರುವುದು ನನ್ನನ್ನು ನಿಜಕ್ಕೂ ನೋಯಿಸುವ ದೋಷ. ಆಸ್ಪರ್ಜಿಲಸ್ ಮೇಲೆ ಫ್ಲೂಕೊನಜೋಲ್ ಉಪಯೋಗಕ್ಕೆ ಬಾರದು. ಗ್ರಿಸಿಯೊಫಲ್ವಿನ್ ಚರ್ಮದ ಶಿಲೀಂಧ್ರಗಳಿಗೆ ಮಾತ್ರ, ಕ್ಯಾಂಡಿಡಾಕ್ಕೆ ಅದರಿಂದ ಏನೂ ಆಗದು. ಇವುಗಳನ್ನು ಕಂಟ್ರೋಲ್ ಆಗಿಟ್ಟು ‘ನಮ್ಮ ಸಂಯುಕ್ತ ಔಷಧಕ್ಕಿಂತ ಮೇಲು’ ಎಂದು ಬರೆದರೆ, ಓಡಲಾರದವನೊಂದಿಗೆ ಓಟದ ಪಂದ್ಯ ಇಟ್ಟಂತೆ. ಆಸ್ಪರ್ಜಿಲಸ್‌ಗೆ ಆಂಫೊಟೆರಿಸಿನ್ ಬಿ ಅಥವಾ ವೊರಿಕೊನಜೋಲ್ ಇಡಬೇಕು. ಬಿತ್ತನೆಗೆ ಎಳೆಗಳ ಮುದ್ದೆಯನ್ನು ಬಳಸದೆ, ಟ್ವೀನ್ ಎಂಬ ಸಾಬೂನಿನಂಥ ಪದಾರ್ಥ ಬೆರೆಸಿದ ನೀರಿನಲ್ಲಿ ಬೀಜಕಣಗಳನ್ನು ತೇಲಿಸಿ ಎಣಿಸಬೇಕು.

ಒಂದೊಂದು ದಿನ ಒಂದೊಂದು ಉತ್ತರ

ಎಂಐಸಿ ಒಂದು ದಿನ 16, ಇನ್ನೊಂದು ದಿನ 32 ಬಂದರೆ ಚಿಂತಿಸಬೇಕಾಗಿಲ್ಲ. ಎರಡರಷ್ಟರ ಒಂದು ಹಂತದ ಏರಿಳಿತ ಈ ವಿಧಾನದ ಸಹಜ ಮಿತಿ. ಅದೇ ಕಾರಣಕ್ಕೆ 16 ಬಂದ ಸಂಯುಕ್ತವು 32 ಬಂದದ್ದಕ್ಕಿಂತ ಉತ್ತಮವೆಂದು ವಾದಿಸಲೂ ಆಗದು. ಏರಿಳಿತ 8ರಿಂದ 128ರವರೆಗೆ ಇದ್ದರೆ ಬಿತ್ತನೆಯನ್ನು ಶಂಕಿಸಿ. ಮ್ಯಾಕ್‌ಫರ್ಲೆಂಡ್ ಮಾನಕ ಹಳೆಯದಾಗಿ ತಳಕ್ಕೆ ಗಟ್ಟಿಯಾಗಿ ಕುಳಿತಿದ್ದರೆ ಹೊಸದನ್ನು ಮಾಡಿಕೊಳ್ಳುವುದು ಸುಲಭ: ಶೇಕಡಾ 1.175ರ ಬೇರಿಯಂ ಕ್ಲೋರೈಡ್ ಡೈಹೈಡ್ರೇಟ್ ದ್ರಾವಣದ 0.05 ಮಿ.ಲೀ.ಯನ್ನು ಶೇಕಡಾ 1ರ ಸಲ್ಫ್ಯೂರಿಕ್ ಆಮ್ಲದ 9.95 ಮಿ.ಲೀ.ಗೆ ಸೇರಿಸಿದರೆ 0.5ರ ಮಾನಕ ಸಿದ್ಧ. 625 ನ್ಯಾನೊಮೀಟರಿನಲ್ಲಿ ಅದು 0.08ರಿಂದ 0.13 ತೋರಿಸಬೇಕು. ಕದಡು ಹೊಂದಿಸಿದ 15 ನಿಮಿಷದೊಳಗೆ ಬಿತ್ತಬೇಕು, ಏಕೆಂದರೆ ಜೀವಿಗಳು ನಮಗಾಗಿ ಕಾಯುವುದಿಲ್ಲ. ತಳಿಯನ್ನು ತಿಂಗಳುಗಟ್ಟಲೆ ಒಂದು ಓರೆನಳಿಕೆಯಿಂದ ಇನ್ನೊಂದಕ್ಕೆ ದಾಟಿಸುತ್ತ ಬಂದಿದ್ದರೆ, ಚಂಡೀಗಢದ ಎಂಟಿಸಿಸಿಯಂಥ ಸಂಗ್ರಹದಿಂದ ಹೊಸ ತಳಿಯನ್ನು ತರಿಸಿ, ಗ್ಲಿಸರಾಲ್‌ನಲ್ಲಿ ಹಂಚಿ ಶೈತ್ಯದಲ್ಲಿಟ್ಟುಕೊಂಡು ಮತ್ತೆ ಆರಂಭಿಸುವುದು ಮೇಲು.

ನಮ್ಮ ಹತ್ತು ಷಿಫ್ ಬೇಸ್‌ಗಳ ವಿಷಯದಲ್ಲಿ ಹೊಸ ದ್ರಾವಣವಷ್ಟೇ ಸಾಕಾಗಲಿಲ್ಲ, ಏಕೆಂದರೆ 18 ಗಂಟೆ ನೀರಿನ ಮಾಧ್ಯಮದಲ್ಲಿ ಕುಳಿತರೆ ಇಮೈನ್ ಬಂಧ ಅಲ್ಲಿಯೂ ಒಡೆಯಬಹುದು. ಹಾಗಾಗಿ ಸೋಡಿಯಂ ಬೋರೊಹೈಡ್ರೈಡಿನಿಂದ ಹತ್ತನ್ನೂ ಅಪಕರ್ಷಿಸಿ, ನೀರಿಗೆ ಜಗ್ಗದ ಅಮೈನ್‌ಗಳನ್ನಾಗಿ ಮಾಡಿ, ಪ್ರತಿಯೊಂದರ ಜೊತೆಗೂ ಸ್ಯಾಲಿಸಿಲಾಲ್ಡಿಹೈಡನ್ನೂ ಆರಂಭಿಕ ಅಮೈನ್ ಆದ ಆಯಾ ಅನಿಲಿನನ್ನೂ ಇಟ್ಟು, ಮೂರು ಬೇರೆ ಬೇರೆ ದಿನಗಳಂದು ಎಂಐಸಿ ತೆಗೆದೆವು. ಎಂಟು ಸಂಯುಕ್ತಗಳು 128ರಲ್ಲೂ ಏನೂ ಮಾಡಲಿಲ್ಲ. ಕ್ಲೋರಿನ್ ಇದ್ದ ಎರಡು ಮಾತ್ರ ಸ್ಟೆಫೈಲೊಕಾಕಸ್ ಮೇಲೆ ಮೂರು ದಿನವೂ 32ರಲ್ಲಿ ನಿಂತವು; ಅವುಗಳ ಪಕ್ಕದ ಆರಂಭಿಕ ಪದಾರ್ಥಗಳ ವೆಲ್‌ಗಳಲ್ಲಿ ಅದೇ ಸಾಂದ್ರತೆಯಲ್ಲಿ ಬೆಳೆ ಹುಲುಸಾಗಿತ್ತು. ಪ್ರಬಂಧಕ್ಕೆ ಆ ಎರಡನ್ನೇ ಸೇರಿಸಿದೆವು.